ಬರಗಾಲದಲ್ಲಿ ಬಾಡದ ಕಣಗಿಲೆ

ಬಯಲುಸೀಮೆಯ ಊರುಗಳಲ್ಲಿ ವೈಶಾಖದ ಬಿಸಿಲಿಗೆ ಬಾವಿ ತಳ ಕಂಡು, ಹಿತ್ತಿಲ ಮಲ್ಲಿಗೆ ದಾಸವಾಳಗಳು ಎಲೆ ಜೋಲಿಸಿ ನಿಂತಿರುವ ಕಾಲದಲ್ಲಿಯೂ, ದೇವಾಲಯದ ಪ್ರಾಕಾರದ ಮಗ್ಗುಲಲ್ಲಿ ಯಾರ ಉಪಚಾರವನ್ನೂ ಅಪೇಕ್ಷಿಸದೆ ಕೆಂಪು, ಬಿಳಿ, ನಸುಗೆಂಪು ಗೊಂಚಲುಗಳನ್ನು ತಳೆದಿರುವ ಪೊದೆಯೆಂದರೆ ಕಣಗಿಲೆಯೇ. ಶಿವಪೂಜೆಗೆ ಕರವೀರವೆಂದು ಸಲ್ಲುವ ಈ ಹೂವನ್ನು ಅರಿಯದವರಿಲ್ಲ. ಆದರೆ ಗಿಡ ತಾನಾಗಿಯೇ ಬದುಕಿಕೊಳ್ಳುವುದರಿಂದ ಅದನ್ನು ಬೆಳೆಸುವ ಕ್ರಮವನ್ನು ವಿಚಾರಿಸುವ ಗೋಜಿಗೆ ಹೋದವರು ವಿರಳ.

ಮೆಡಿಟರೇನಿಯನ್ ತೀರದಿಂದ ಪಶ್ಚಿಮ ಏಷ್ಯದ ಮಾರ್ಗವಾಗಿ ನಮ್ಮ ದೇಶದವರೆಗೆ, ಮಳೆ ಬಂದಾಗ ಪ್ರವಾಹ, ಉಳಿದಂತೆ ಬರಿಯ ಕಲ್ಲು ಮರಳು ಎಂಬಂತಿರುವ ಒಣಹಳ್ಳಗಳ ಪಾತ್ರವೇ ಇದರ ಸಹಜವಾದ ನೆಲೆ. ಅಂಥ ನೆಲಕ್ಕೆ ತಕ್ಕ ಸನ್ನಾಹವೆಲ್ಲ ಎಲೆಯಲ್ಲಿಯೇ ಅಡಗಿದೆ. ಗಿಣ್ಣಿಗೆ ಮೂರರಂತೆ ಹೊರಡುವ ನೀಳವಾದ ಎಲೆಯನ್ನು ಬೆರಳಲ್ಲಿ ಮಡಿಸಿದರೆ ತೊಗಲಿನ ಗಡಸುತನ ತಿಳಿಯುತ್ತದೆ. ಮೇಲ್ಮೈಗೆ ಮೇಣದ ಲೇಪವುಂಟು. ಉಸಿರಾಟದ ಪತ್ರರಂಧ್ರಗಳಾದರೋ ತಳಭಾಗದ ಸಣ್ಣ ಕುಳಿಗಳಲ್ಲಿ, ನವಿರಾದ ರೋಮಗಳ ಮರೆಯಲ್ಲಿ ಅಡಗಿರುವುದರಿಂದ, ಬಿಸಿಗಾಳಿ ಎಷ್ಟು ಬೀಸಿದರೂ ಒಳಗಿನ ತೇವವನ್ನು ಅಷ್ಟಾಗಿ ಸೆಳೆಯಲಾರದು. ಹೆದ್ದಾರಿಗಳ ನಡುವಣ ಒಣಮಣ್ಣಿನಲ್ಲಿ ಇದನ್ನು ಸಾಲುಸಾಲಾಗಿ ನೆಡುವುದಕ್ಕೂ ಈ ಸಹನಶಕ್ತಿಯೇ ಕಾರಣ. 1945ರ ಅಣುಬಾಂಬಿನಿಂದ ದಗ್ಧವಾದ ನೆಲದಲ್ಲಿ ಮೊದಲು ಅರಳಿತೆಂಬ ಗೌರವದಿಂದ ಹಿರೋಶಿಮಾ ನಗರವು ಈ ಹೂವನ್ನೇ ತನ್ನ ಅಧಿಕೃತ ಪುಷ್ಪವನ್ನಾಗಿ ವರಿಸಿದೆ.

ಬೀಜದ ಹಂಗು ಬೇಕಿಲ್ಲ. ಮುಂಗಾರಿನ ಆರಂಭದಲ್ಲಿ ಬಲಿತ ಕಡ್ಡಿಯನ್ನು ಒಂದು ಗೇಣುದ್ದಕ್ಕೆ ಕತ್ತರಿಸಿ, ಬುಡದ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಓರೆಯಾಗಿ ಊರಿದರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಮೊದಲ ವರ್ಷ ಪಾತಿ ಒಣಗಿದಾಗ ನೀರು ಕೊಟ್ಟರಾಯಿತು. ಆಮೇಲೆ ಕಡುಬೇಸಿಗೆಯಲ್ಲಿ ಆಗೀಗ ಒಂದು ಕೊಡ ಹೊಯ್ದರೂ ಅದು ಧಾರಾಳವೇ. ಗಿಡಕ್ಕೆ ಅಪಾಯವಾಗುವುದು ಉಪೇಕ್ಷೆಯಿಂದಲ್ಲ, ಅತಿಪ್ರೀತಿಯಿಂದ: ನಿತ್ಯವೂ ನೀರು ನಿಂತರೆ ಬೇರು ಕೊಳೆಯುತ್ತದೆ, ಗೊಬ್ಬರ ಹೆಚ್ಚಿದರೆ ಎಲೆ ಸೊಕ್ಕಿ ಹೂವು ಕ್ಷೀಣಿಸುತ್ತದೆ, ನೆರಳಿಗಿಟ್ಟರೆ ಮೊಗ್ಗೇ ಮೂಡದು. ಸುತ್ತುಸುತ್ತಾದ ದಳಗಳ ಜಾತಿಗೆ ಜನ ಮರುಳಾಗುತ್ತಾರೆ. ಆದರೆ ಅದರ ಬಾಡಿದ ಹೂ ಉದುರದೆ ತೊಟ್ಟಿಗೇ ಅಂಟಿ ಕಂದುಬಣ್ಣಕ್ಕೆ ತಿರುಗುವುದನ್ನು ಕಂಡವರಿಗೆ ಒಂಟಿಸುತ್ತಿನ ಐದೆಸಳೇ ಲೇಸೆನಿಸುತ್ತದೆ.

ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವುದು ಇದರ ಸ್ವಭಾವವಾದಕಾರಣ, ಒಂದು ಸುತ್ತಿನ ಹೂ ಮುಗಿದೊಡನೆ ಗಿಣ್ಣಿನ ಮೇಲ್ಗಡೆ ಕತ್ತರಿಸಿದರೆ, ಅಲ್ಲಿಂದ ಎರಡು ಮೂರು ಕವಲೊಡೆದು ಗೊಂಚಲುಗಳೂ ಅಷ್ಟರಮಟ್ಟಿಗೆ ವೃದ್ಧಿಯಾಗುತ್ತವೆ. ಮುದಿಯಾದ ಕೊಂಬೆಗಳನ್ನು ಬುಡಕ್ಕೇ ಕಡಿಯಲು ಅಂಜಬೇಕಾಗಿಲ್ಲ, ಮತ್ತೆ ಚಿಗುರುತ್ತದೆ. ಎಳೆಗುಡಿಗೆ ಹಳದಿ ಮೈ, ಕಪ್ಪು ಕಾಲಿನ ಸಸ್ಯಹೇನುಗಳು ಮುತ್ತುವುದುಂಟು. ಸಾಬೂನಿನ ನೀರು ಎರಚಿದರೆ ಶಮನವಾಗುತ್ತದೆ. ಕಪ್ಪುಗಂದು ಚಿಟ್ಟೆಯೊಂದರ ಹುಳುಗಳು ಇದೇ ವಿಷದೆಲೆಯನ್ನು ಮೆದ್ದು, ಎಲೆಯಡಿಯಲ್ಲಿ ಬೆಳ್ಳಿಯಂತೆ ಥಳಥಳಿಸುವ ಕೋಶ ಕಟ್ಟಿಕೊಳ್ಳುತ್ತವೆ. ಅವು ತಿನ್ನುವ ನಾಲ್ಕೆಲೆಗಾಗಿ ಔಷಧ ಹೊಡೆಯುವುದು ಉಚಿತವಲ್ಲ.

ವಿಷವೆಂಬ ಮಾತು ಉತ್ಪ್ರೇಕ್ಷೆಯಲ್ಲ. ಬೇರಿನಿಂದ ಹೂವಿನವರೆಗೆ ಗಿಡದ ಸರ್ವಾಂಗದಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ಪದಾರ್ಥಗಳಿವೆ, ಒಣಗಿದರೂ ಅವು ನಾಶವಾಗವು. ಹಸಿಯೆಲೆ ಕಹಿಯಾದ್ದರಿಂದ ದನಗಳು ಸಾಮಾನ್ಯವಾಗಿ ಮೂಸಿ ಬಿಡುತ್ತವೆ. ಒಣಗಿ ಮೇವಿನಲ್ಲಿ ಬೆರೆತಾಗ ಮಾತ್ರ ತಿಳಿಯದೆ ತಿಂದು ಪ್ರಾಣಕ್ಕೆ ಎರವಾಗುತ್ತವೆ. ಆದ್ದರಿಂದ ಕೊಟ್ಟಿಗೆಯ ಬಳಿಯಲ್ಲಿಯೂ, ಕಂಡದ್ದನ್ನೆಲ್ಲ ಬಾಯಿಗಿಡುವ ಶಿಶುಗಳು ಆಡುವ ಅಂಗಳದಲ್ಲಿಯೂ ಇದನ್ನು ನೆಡಬಾರದು. ಕತ್ತರಿಸುವಾಗ ಕೈಗವಸು ತೊಟ್ಟು, ಅಂಟುರಸ ಕಣ್ಣಿಗೆ ಸೋಂಕದಂತೆ ನೋಡಿಕೊಂಡು, ಕೆಲಸ ಮುಗಿದ ಮೇಲೆ ಕೈಯನ್ನೂ ಕತ್ತರಿಯನ್ನೂ ಚೆನ್ನಾಗಿ ತೊಳೆಯತಕ್ಕದ್ದು. ಕಡಿದ ಕೊಂಬೆಗಳ ಹೊಗೆಯೂ ಹಾನಿಕರವಾದ್ದರಿಂದ ಅವನ್ನು ಒಲೆಗಾಗಲಿ ಕಸದ ಬೆಂಕಿಗಾಗಲಿ ಹಾಕದೆ, ದನಕರು ಸುಳಿಯದ ಕಡೆ ಆಳವಾದ ಗುಂಡಿ ತೋಡಿ ಹೂಳಿಬಿಡಬೇಕು.