ಮನೋರೋಗವನ್ನು ಗುರುತಿಸುವುದು ಹೇಗೆ?

ಮಲೇರಿಯಾವನ್ನು ಒಂದು ಹನಿ ರಕ್ತದಿಂದ ಗುರುತಿಸಬಹುದು. ಮನೋರೋಗಕ್ಕೆ ಅಂತಹ ಪರೀಕ್ಷೆಯಿಲ್ಲ. ವೈದ್ಯರು ರಕ್ತ ಪರೀಕ್ಷಿಸುವುದುಂಟು. ಆದರೆ ಅದು ಥೈರಾಯ್ಡ್ ಕೊರತೆಯಂತಹ, ಮನೋರೋಗದಂತೆಯೇ ತೋರುವ ದೇಹದ ಕಾಯಿಲೆ ಇದೆಯೇ ಎಂದು ನೋಡಲು. ಉಳಿದುದು ರೋಗಿಯ ಹಾಗೂ ಮನೆಯವರ ಮಾತಿನಿಂದಲೇ ತಿಳಿಯಬೇಕು.

ಬಾಣಂತಿಯನ್ನೇ ನೋಡಿರಿ. ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಅನೇಕರಲ್ಲಿ ಸಹಜ. ಎರಡು ವಾರಗಳೊಳಗೆ ಅದು ತಾನಾಗಿಯೇ ಶಮನವಾಗುತ್ತದೆ. ಅದನ್ನು ರೋಗವೆನ್ನಲಾಗದು. ಮುಂದುವರಿದು ನಿದ್ರೆ, ಹಸಿವು ಕೆಟ್ಟು, ಮಗುವಿನ ಮೇಲೂ ಮನಸ್ಸು ನಿಲ್ಲದಿದ್ದರೆ ಚಿಕಿತ್ಸೆ ಅಗತ್ಯ. ಇಲ್ಲದ ದನಿ ಕೇಳಿಸಿದರೆ ಅಥವಾ ಸಾಯುವ ಮಾತನಾಡಿದರೆ, ಗಾಳಿ ಸೋಕಿದೆಯೆಂದು ಕಾಲ ಕಳೆಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಅತ್ತೆಗೆ ಎದುರಾಡಿದ ಮಾತ್ರಕ್ಕೆ ಸೊಸೆ ಮನೋರೋಗಿಯಲ್ಲ. ಊರಿನ ರೂಢಿಗೆ ಒಗ್ಗಲಿಲ್ಲವೆಂದು ಯಾರನ್ನೂ ಹಾಗೆ ನಿರ್ಣಯಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಅಲಖನೂರದವರಿಗೆ ಧಾರವಾಡದ ಡಿಮ್ಹಾನ್ಸ್ ದೂರವೇ ಸರಿ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬಹುದು. ಅಂತಹ ವೈದ್ಯರಿಗೆ ತರಬೇತಿ ನೀಡಿ ಹಳ್ಳಿಯಲ್ಲೇ ಚಿಕಿತ್ಸೆ ಒದಗಿಸುವ ಕಾರ್ಯವನ್ನು ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿತು. ವೈದ್ಯರೆದುರು 'ತಲೆ ಕೆಟ್ಟಿದೆ' ಎಂದಷ್ಟೇ ಹೇಳಿದರೆ ಉಪಯೋಗವಿಲ್ಲ. ಯಾವಾಗಿನಿಂದ, ನಿದ್ರೆ ಎಷ್ಟು, ಊಟ ಕೆಲಸಗಳಲ್ಲಿ ಏನು ಬದಲಾಯಿತು ಎಂಬುದನ್ನು ಪತಿಯೋ ಪತ್ನಿಯೋ ವಿವರಿಸಬೇಕು. ದೂರವಾಣಿ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.