ನಿಮಗಿದು ಗೊತ್ತೆ? ತಾಲ್ಕಟೋರಾದ ಈಜುಕೊಳ

ರಾಣೆಬೆನ್ನೂರು ಸೀಮೆಯ ತುಂಗಭದ್ರೆಯಲ್ಲಾಗಲಿ, ಹಾವೇರಿಯ ಆಸುಪಾಸಿನ ವರದೆಯಲ್ಲಾಗಲಿ, ಬ್ಯಾಡಗಿಯ ಕಡೆಯ ತೋಟದ ಬಾವಿಗಳಲ್ಲಾಗಲಿ ಒಣ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತ ನಮ್ಮ ಜನರಿಗೆ ದೆಹಲಿಯ ತಾಲ್ಕಟೋರಾ ಈಜುಕೊಳದ ವೃತ್ತಾಂತವು ಕುತೂಹಲವನ್ನುಂಟುಮಾಡದೆ ಇರಲಾರದು. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ನಿರ್ಮಿತವಾದ ಈ ಕೊಳವು, ಭಾರತದ ಪುರುಷರು ವಾಟರ್ ಪೋಲೋದಲ್ಲಿ ಕಂಚಿನ ಪದಕವನ್ನು ಪಡೆದ ಆ ಕೂಟದ ತರುವಾಯ, 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ನಿಮಿತ್ತವಾಗಿ ಪುನರ್ನಿರ್ಮಾಣಗೊಂಡು ವಿಶಾಲವಾದ ಮೇಲ್ಛಾವಣಿಯನ್ನೂ ಡಾ. ಶ್ಯಾಮಪ್ರಸಾದ ಮುಖರ್ಜಿಯವರ ಹೆಸರನ್ನೂ ಧರಿಸಿತು. ಬಾಲ್ಯದ ಅಪಘಾತವೊಂದರಲ್ಲಿ ಬಲಗೈಯನ್ನು ಕಳೆದುಕೊಂಡಿದ್ದ ಪ್ರಶಾಂತ ಕರ್ಮಾಕರರು ಅದೇ ವರ್ಷ ಇಲ್ಲಿ ದಿವ್ಯಾಂಗರ 50 ಮೀಟರ್ ಫ್ರೀಸ್ಟೈಲಿನಲ್ಲಿ ಗಳಿಸಿದ ಕಂಚು, ಕಾಮನ್‌ವೆಲ್ತ್ ಕೂಟಗಳ ಈಜಿನಲ್ಲಿ ಭಾರತಕ್ಕೆ ದೊರೆತ ಮೊತ್ತಮೊದಲ ಪದಕ. ಆ ಕೊಳದ ಚರಿತ್ರೆಯಲ್ಲಿ ಇದಕ್ಕಿಂತ ಹಿರಿದಾದ ಗಳಿಗೆ ಬೇರೊಂದಿಲ್ಲವೆಂದೇ ನನ್ನ ಭಾವನೆ.

ಸ್ಪರ್ಧೆಯ ಕೊಳದ ಉದ್ದ 50 ಮೀಟರ್. ಪಥಗಳು ಹತ್ತು, ಪ್ರತಿಯೊಂದರ ಅಗಲ ಎರಡೂವರೆ ಮೀಟರ್. ಗೋಡೆಗೆ ಬಡಿದು ಮರಳುವ ಅಲೆಗಳು ಈಜುಗಾರನ ವೇಗವನ್ನು ಕುಂದಿಸುವುದರಿಂದ, ಎಂಟು ಮಂದಿ ಈಜುವಾಗ ಅಂಚಿನ ಎರಡು ಪಥಗಳನ್ನು ಬರಿದಾಗಿ ಬಿಡುವುದುಂಟು. ಪಥಗಳ ನಡುವಣ ಹಗ್ಗಕ್ಕೆ ಪೋಣಿಸಿದ ಬಿಲ್ಲೆಗಳು ತಿರುತಿರುಗಿ ಉಳಿದ ಅಲೆಗಳನ್ನು ಮುರಿಯುತ್ತವೆ. ಗೋಡೆಯಿಂದ 5 ಮೀಟರ್ ಈಚೆಗೆ ಅಡ್ಡಲಾಗಿ ತೂಗುವ ಪತಾಕೆಗಳನ್ನು ಕಂಡು, ಅಂಗಾತ ಈಜುವವನು ಕೈಬೀಸುಗಳನ್ನು ಎಣಿಸಿ ಗೋಡೆಯನ್ನು ಮುಟ್ಟುತ್ತಾನೆ.

ನದಿಯಲ್ಲಿ ಪಳಗಿದ ನಮ್ಮ ಮಕ್ಕಳಿಗೆ ಇಂತಹ ಕೊಳವನ್ನು ಒಮ್ಮೆಯಾದರೂ ತೋರಿಸಿರಿ. ದೆಹಲಿ ದೂರವಾದರೆ ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರಿನಲ್ಲಿಯೂ 50 ಮೀಟರಿನ ಕೊಳವಿದೆ.