ಹೋಮ್‌ಗೊಂದು ಬೇರೆ ಕೋಣೆ

ಅಜ್ಜಿ ಹಾಡಿದ ಹನ್ನೊಂದು ಸೋಬಾನೆ ಪದಗಳು ನನ್ನ ಲ್ಯಾಪ್‌ಟಾಪಿನಲ್ಲಿದ್ದವು. ಉಬುಂಟು 18.04 ತೆಗೆದು 20.04 ಹಾಕುವಾಗ, ಇಡೀ ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡುವ ಆಯ್ಕೆಯನ್ನು ಒತ್ತಿಬಿಟ್ಟೆ. ಅರ್ಧ ಗಂಟೆಯಲ್ಲಿ ಹೊಸ ವ್ಯವಸ್ಥೆ ಬಂತು, ಹಾಡುಗಳು ಹೋದವು. ಅಜ್ಜಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಉಬುಂಟುವಿನಂಥ ಲಿನಕ್ಸ್‌ನಲ್ಲಿ ನಮ್ಮ ಸ್ವಂತದ್ದೆಲ್ಲ ಇರುವುದು 'ಹೋಮ್' ಫೋಲ್ಡರಿನಲ್ಲಿ: ಬರಹ, ಫೋಟೊ, ಬ್ರೌಸರಿನ ಬುಕ್‌ಮಾರ್ಕ್, ಚುಕ್ಕಿಯಿಂದ ಹೆಸರು ಶುರುವಾಗುವ ಅಡಗಿದ ಸೆಟ್ಟಿಂಗ್ ಫೈಲುಗಳು ಕೂಡ. ವ್ಯವಸ್ಥೆ ಇರುವುದು 'ರೂಟ್'ನಲ್ಲಿ. ಎರಡಕ್ಕೂ ಡಿಸ್ಕಿನಲ್ಲಿ ಬೇರೆ ಬೇರೆ ಭಾಗ, ಅಂದರೆ ಪಾರ್ಟಿಷನ್, ಮಾಡಿಟ್ಟರೆ, ರೂಟನ್ನು ಎಷ್ಟು ಸಲ ಅಳಿಸಿ ಹಾಕಿದರೂ ಹೋಮ್ ಅಲುಗುವುದಿಲ್ಲ. ಹಾಡುಗಳು ಹೋದ ಮೇಲೆ ನಾನೂ ಹಾಗೆಯೇ ಮಾಡಿಕೊಂಡೆ: ಈಗ ನನ್ನ 500 ಜಿಬಿ ಡಿಸ್ಕಿನಲ್ಲಿ ರೂಟ್‌ಗೆ 50 ಜಿಬಿ. ಉಳಿದ ಬಹುಪಾಲು ಹೋಮ್‌ಗೆ.

2022ರಲ್ಲಿ 22.04 ಹಾಕುವಾಗ ಪಾರ್ಟಿಷನ್‌ಗಳನ್ನು ನಾನೇ ಆರಿಸುವ ದಾರಿ ಹಿಡಿದೆ. ರೂಟ್‌ಗೆ ಫಾರ್ಮ್ಯಾಟ್ ಗುರುತು ಹಾಕಿದೆ. ಹಳೆಯ ಹೋಮ್ ಪಾರ್ಟಿಷನ್ನಿಗೆ ಮೌಂಟ್ ಪಾಯಿಂಟ್ ಮಾತ್ರ ಸೂಚಿಸಿ, ಫಾರ್ಮ್ಯಾಟ್ ಚೌಕ ಖಾಲಿ ಇದೆಯೇ ಎಂದು ಮೂರು ಸಲ ನೋಡಿದೆ. ಎಲ್ಲವೂ ನಿಂತಿರುವುದು ಆ ಒಂದು ಚೌಕದ ಮೇಲೆ. ಬಳಕೆದಾರರ ಹೆಸರೂ ಹಳೆಯದೇ ಇರಬೇಕು; ಬೇರೆ ಹೆಸರು ಕೊಟ್ಟರೆ ಖಾಲಿ ಫೋಲ್ಡರ್ ತೆರೆದುಕೊಳ್ಳುತ್ತದೆ. ಮೊದಲು ನಾನಾಗಿ ಹಾಕಿಕೊಂಡಿದ್ದ ಅಪ್ಲಿಕೇಶನ್‌ಗಳನ್ನು ಮಾತ್ರ ಮತ್ತೆ ಹಾಕಬೇಕಾಯಿತು. ಲಾಗಿನ್ ಆದಾಗ ಪರದೆಯ ಮೇಲೆ ಹಳೆಯ ವಾಲ್‌ಪೇಪರೇ ಇತ್ತು, ಅಜ್ಜಿಯ ಫೋಟೊ.

ಆದರೆ ಎರಡೂ ಪಾರ್ಟಿಷನ್ ಇರುವುದು ಒಂದೇ ಡಿಸ್ಕಿನಲ್ಲಿ. ಡಿಸ್ಕೇ ಕೆಟ್ಟರೆ ಎರಡೂ ಹೋಗುತ್ತವೆ. ಇನ್‌ಸ್ಟಾಲ್‌ಗೆ ಕೈ ಹಾಕುವ ಮೊದಲು, ದಯವಿಟ್ಟು, ಹೊರಗಿನ ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ ತೆಗೆದಿಡಿ.